ಒಂದೇ ವಿಳಾಸಕ್ಕೆ ಇಬ್ಬರು ವಾರಸುದಾರರು

ಪ್ರಿಯ ಮಿತ್ರರೇ,

ನಿಮ್ಮ ಪತ್ರ ಓದಿದೆ. ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿ ಎಂದ ಮೇಲೆ ಕೇಳಬೇಕೆ, ಬಂದವರೆಲ್ಲ ಅವಸರದವರೇ. ಕರಾರು ಪತ್ರ ಟೈಪ್ ಮಾಡಿಸಿಕೊಂಡವರಿಗೆ ನೋಂದಣಿಯ ಸರದಿ ತಪ್ಪೀತೆಂಬ ಆತಂಕ, ಅರ್ಜಿ ಬರೆಸಿಕೊಂಡವರಿಗೆ ಊರಿನ ಬಸ್ಸು ಹೊರಟೀತೆಂಬ ಚಿಂತೆ. ಅಂಥ ಹೊತ್ತಿನಲ್ಲಿ ಪ್ರಿಂಟರ್ ಒಂದು ಪುಟ ಕೊಟ್ಟು ಸುಮ್ಮನಾದರೆ ನಿಮಗೆ ಎಷ್ಟು ಮುಜುಗರವಾಗಿರಬೇಕು. ಸರ್ವಿಸ್‌ಗೆ ಬಂದವರು ಪ್ರಿಂಟರಿನ ನೆಟ್‌ವರ್ಕ್ ಬೋರ್ಡೇ ಹೋಗಿದೆ, ಬದಲಿಸಬೇಕು ಎಂದರಂತೆ. ಆ ದುಡ್ಡನ್ನು ಈಗಲೇ ಕೊಡಬೇಡಿ. ಮೊದಲು ಇದನ್ನು ಪೂರ್ತಿ ಓದಿ, ಕೆಳಗೆ ಹೇಳಿರುವ ಪರೀಕ್ಷೆ ಮಾಡಿ, ಆಮೇಲೆ ತೀರ್ಮಾನಿಸಿ.

ನನಗೆ ಅನುಮಾನ ಬಂದದ್ದು ನೀವೇ ಬರೆದ ಮಾತುಗಳಿಂದ. ತೊಂದರೆ ಸೋಮವಾರ ಬೆಳಿಗ್ಗೆ ಜಾಸ್ತಿ ಎಂದಿದ್ದೀರಿ. ಕರೆಂಟ್ ಹೋಗಿ ಬಂದ ದಿನವಂತೂ ತಪ್ಪುವುದೇ ಇಲ್ಲ ಎಂದಿದ್ದೀರಿ. ಕಿಟಕಿ ಪಕ್ಕದ ಕಂಪ್ಯೂಟರಿನಿಂದ ಪ್ರಿಂಟ್ ಬರುತ್ತಿರುವಾಗಲೇ ಒಳಗಿನ ಕಂಪ್ಯೂಟರಿನಿಂದ ಬರುವುದಿಲ್ಲ, ಸ್ವಲ್ಪ ಹೊತ್ತಿಗೆ ಅದಲುಬದಲಾಗುತ್ತದೆ. ಒಮ್ಮೆ ಪರದೆಯ ಮೂಲೆಯಲ್ಲಿ ‘ಐಪಿ ಅಡ್ರೆಸ್ ಕಾನ್‌ಫ್ಲಿಕ್ಟ್’ ಎಂಬ ಸಂದೇಶವೂ ಬಂದು ಮಾಯವಾಯಿತು. ಬೋರ್ಡು ಕೆಟ್ಟಿದ್ದರೆ ಅದಕ್ಕೆ ಸೋಮವಾರ, ಮಂಗಳವಾರ ಎಂಬ ಭೇದ ಇರುವುದಿಲ್ಲ, ಈ ಕಂಪ್ಯೂಟರು ಆ ಕಂಪ್ಯೂಟರು ಎಂಬ ಪಕ್ಷಪಾತವೂ ಇರುವುದಿಲ್ಲ. ನಿಮ್ಮ ಅಂಗಡಿಯಲ್ಲಿ ಒಂದೇ ಐಪಿ ವಿಳಾಸವನ್ನು ಎರಡು ಸಾಧನಗಳು ತಮ್ಮದೆಂದು ಹಿಡಿದುಕೊಂಡಿರಬೇಕು. ಹಾಗಿದ್ದರೆ ಇದು ಯಂತ್ರದ ರೋಗವಲ್ಲ, ವ್ಯವಸ್ಥೆಯ ಗೊಂದಲ. ಹಾಗಾಗಿ ಯಾವ ಬಿಡಿಭಾಗ ಬದಲಿಸಿದರೂ ಹೋಗುವುದಿಲ್ಲ.

ನಿಮ್ಮ ರೂಟರ್ 192.168.1.1 ಎಂದು ಬರೆದಿದ್ದೀರಿ. ಅದರ ಒಳಗಿನ ಕಂಪ್ಯೂಟರು, ಫೋನು, ಪ್ರಿಂಟರುಗಳಿಗೆಲ್ಲ 192.168.1.2ರಿಂದ 192.168.1.254ರ ತನಕ ವಿಳಾಸಗಳಿವೆ. 192.168ರಿಂದ ಶುರುವಾಗುವ ಈ ವಿಳಾಸಗಳನ್ನು ಖಾಸಗಿ ಬಳಕೆಗೆಂದು ಮೀಸಲಿಟ್ಟ ದಾಖಲೆ, ಆರ್‌ಎಫ್‌ಸಿ 1918, ಬಂದದ್ದು 1996ರ ಫೆಬ್ರುವರಿಯಲ್ಲಿ. ಪಕ್ಕದ ಜೆರಾಕ್ಸ್ ಅಂಗಡಿಯಲ್ಲೂ ಇವೇ ವಿಳಾಸಗಳಿರಬಹುದು, ಮೆಲ್ಬರ್ನಿನ ನಿಮ್ಮ ಮಗಳ ಮನೆಯಲ್ಲೂ ಇರಬಹುದು. ಅದರಿಂದ ಏನೂ ತೊಂದರೆಯಿಲ್ಲ. ಜಗಳ ಬರುವುದು ಒಂದೇ ರೂಟರಿನ ಸೂರಿನಡಿ ಇಬ್ಬರು ಒಂದೇ ಸಂಖ್ಯೆ ಹಿಡಿದಾಗ ಮಾತ್ರ.

ವಿಳಾಸ ಹಿಡಿಯುವ ದಾರಿಗಳು ಎರಡು. ನಮ್ಮ ಕಡೆ ಬಸ್ ಸ್ಟ್ಯಾಂಡಿಗೆ ಬಸ್ಸು ಬಂದು ನಿಲ್ಲುತ್ತಲೂ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದುಂಟಲ್ಲ, ಸಾಧನಕ್ಕೆ ಕೈಯಿಂದ ವಿಳಾಸ ಬರೆದು ಕೂರಿಸುವುದು ಹಾಗೆ. ಇದನ್ನು ಸ್ಟ್ಯಾಟಿಕ್ ಐಪಿ ಎನ್ನುತ್ತಾರೆ. ಇನ್ನೊಂದು, ಸೀಟು ನಂಬರ್ ಹಾಕಿ ಮುಂಗಡ ಟಿಕೆಟ್ ಕೊಡುವ ಕ್ರಮ. ರೂಟರಿನ ಒಳಗಿರುವ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಮಾಡುವುದು ಇದನ್ನೇ. ಬಂದ ಸಾಧನಕ್ಕೆ ಇಂತಿಷ್ಟು ಅವಧಿಗೆ ಇಂಥ ವಿಳಾಸ ಎಂದು ಕೊಟ್ಟು, ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಎರಡೂ ಒಳ್ಳೆಯ ಕ್ರಮಗಳೇ. ಆದರೆ ಟಿಕೆಟ್ ಕೊಡುವವರಿಗೆ ಟವೆಲ್ ಹಾಕಿದ್ದು ಗೊತ್ತೇ ಇರುವುದಿಲ್ಲ.

ನಿಮ್ಮ ಪ್ರಿಂಟರಿಗೆ ಅದನ್ನು ಕೂರಿಸಿಕೊಟ್ಟವರು 192.168.1.50 ಎಂದು ಕೈಯಿಂದಲೇ ಹಾಕಿದ್ದಾರೆ. ಪ್ರಿಂಟರಿನ ವಿಳಾಸ ಬದಲಾಗಬಾರದು ಎಂಬ ಅವರ ಲೆಕ್ಕ ಸರಿಯಾಗಿಯೇ ಇದೆ. ರೂಟರಿಗೆ ಮಾತ್ರ ಆ ವಿಷಯ ಯಾರೂ ಹೇಳಿಲ್ಲ. ನೀವು ಕಳಿಸಿದ ಫೋಟೋದಲ್ಲಿ ಅದರ ಹಂಚಿಕೆಯ ವ್ಯಾಪ್ತಿ 2ರಿಂದ 254 ಎಂದಿದೆ. ಅಂದರೆ 50 ಕೂಡ ಹಂಚಬಹುದಾದ ವಿಳಾಸ. ಶನಿವಾರ ಸಂಜೆ ನೀವು ಪ್ರಿಂಟರ್ ಆರಿಸಿ ಹೋಗುತ್ತೀರಿ. ಭಾನುವಾರ ಮೇಲಿನ ಮನೆಯ ಹುಡುಗರು ನಿಮ್ಮ ವೈಫೈಗೆ ಸೇರುತ್ತಾರೆ, ರೂಟರ್ ಅವರಲ್ಲಿ ಯಾರದೋ ಫೋನಿಗೆ 50 ಕೊಡುತ್ತದೆ. ಆ ಹೊತ್ತಿಗೆ 50ರಲ್ಲಿ ಯಾರೂ ಇಲ್ಲವಾದ್ದರಿಂದ ತಕರಾರು ಬರುವುದಿಲ್ಲ. ಸೋಮವಾರ ಬೆಳಿಗ್ಗೆ ಪ್ರಿಂಟರ್ ಎದ್ದು, ಯಾರನ್ನೂ ಕೇಳದೆ, ತನ್ನ ಹಳೆಯ 50ರಲ್ಲಿ ಕೂರುತ್ತದೆ. ನಿಮ್ಮ ಸೋಮವಾರದ ಕಥೆ ಇದೇ ಇರಬೇಕು ಎಂಬುದು ನನ್ನ ಬಲವಾದ ಅನುಮಾನ.

ಇನ್ನು ಒಂದು ಪುಟ ಬಂದು ಇನ್ನೊಂದು ಬಾರದಿರುವುದು ಯಾಕೆ? ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಪರೀಕ್ಷೆಯೆಲ್ಲ ನಿಂತಿರುವುದು ಇದರ ಮೇಲೆ. ಅಂಗಡಿಯ ಒಳಗೆ ತಂತಿಯ ಮೇಲಾಗಲಿ ವೈಫೈ ಮೇಲಾಗಲಿ ದತ್ತಾಂಶ ತಲುಪುವುದು ಐಪಿ ವಿಳಾಸದಿಂದ ಅಲ್ಲ. ಪ್ರತಿ ಸಾಧನದ ನೆಟ್‌ವರ್ಕ್ ಭಾಗಕ್ಕೆ ಕಾರ್ಖಾನೆಯಲ್ಲೇ ಹಾಕಿದ 48 ಬಿಟ್‌ನ ಮ್ಯಾಕ್ ವಿಳಾಸವೊಂದಿದೆ. ತಲುಪುವುದು ಅದಕ್ಕೆ. ಹಾಗಾಗಿ 50ಕ್ಕೆ ಏನಾದರೂ ಕಳಿಸುವ ಮುಂಚೆ ನಿಮ್ಮ ಕಂಪ್ಯೂಟರ್ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ: 50 ಯಾರು? ನಿಮ್ಮ ಮ್ಯಾಕ್ ಹೇಳಿ. ಇದಕ್ಕೆ ಎಆರ್‌ಪಿ ಎಂದು ಹೆಸರು. ಡೇವಿಡ್ ಪ್ಲಮ್ಮರ್ ಎಂಬವರು 1982ರ ನವೆಂಬರಿನಲ್ಲಿ ಆರ್‌ಎಫ್‌ಸಿ 826ರಲ್ಲಿ ಬರೆದಿಟ್ಟ ಪದ್ಧತಿ, ಇವತ್ತಿಗೂ ನಿಮ್ಮ ಅಂಗಡಿಯಲ್ಲಿ ನಡೆಯುತ್ತಿರುವುದು ಅದೇ. ಇಲ್ಲಿ ಯಾವ ರಿಜಿಸ್ಟರೂ ಇಲ್ಲ, ಸಾಕ್ಷಿಯೂ ಇಲ್ಲ. ನಾನೇ 50 ಎಂದು ಯಾರು ಹೇಳಿದರೂ ಕೇಳಿದವರು ನಂಬುತ್ತಾರೆ.

ಪ್ರಿಂಟರ್ ಮತ್ತು ಫೋನ್ ಎರಡೂ ‘ನಾನೇ’ ಎಂದರೆ, ಯಾರ ಉತ್ತರ ಕಂಪ್ಯೂಟರಿನ ಪಟ್ಟಿಯಲ್ಲಿ ಉಳಿಯಿತೋ ಅವರಿಗೆ ಪುಟಗಳು ಹೋಗುತ್ತವೆ. ಪ್ರತಿ ಕಂಪ್ಯೂಟರಿಗೂ ತನ್ನದೇ ಪಟ್ಟಿ. ಕಿಟಕಿ ಪಕ್ಕದ್ದರಲ್ಲಿ ಪ್ರಿಂಟರಿನ ಮ್ಯಾಕ್ ಇದ್ದಾಗ ಒಳಗಿನದರಲ್ಲಿ ಫೋನಿನದು ಇರಬಹುದು. ವಿಂಡೋಸ್‌ನಲ್ಲಿ ಈ ನಮೂದು 15ರಿಂದ 45 ಸೆಕೆಂಡ್ ಮಾತ್ರ ಖಾತ್ರಿ ಎಂದು ಲೆಕ್ಕ, ಆಮೇಲೆ ಮತ್ತೆ ವಿಚಾರಿಸಿಕೊಳ್ಳಬೇಕು. ವಿಚಾರಿಸಿದಾಗಲೆಲ್ಲ ವಾರಸುದಾರರು ಬದಲಾಗುವ ಸಾಧ್ಯತೆ ಇದೆ. ಫೋನಿನ ಪಾಲಿಗೆ ಬಂದ ಪುಟವನ್ನು ಫೋನು ಏನು ಮಾಡೀತು? ತನ್ನದಲ್ಲವೆಂದು ಬಿಸಾಕುತ್ತದೆ. ಇತ್ತ ಕಂಪ್ಯೂಟರು ಪ್ರಿಂಟರ್ ಆಫ್‌ಲೈನ್ ಎನ್ನುತ್ತದೆ, ಅತ್ತ ಪ್ರಿಂಟರಿನ ಪರದೆಯಲ್ಲಿ ‘ರೆಡಿ’ ಎಂದೇ ಇರುತ್ತದೆ. ಎರಡೂ ಹೇಳುವುದು ನಿಜ. ಅದಕ್ಕೇ ಎಂಥ ಅನುಭವಿಗಳೂ ಇಲ್ಲಿ ದಾರಿ ತಪ್ಪುತ್ತಾರೆ.

ಈಗ ಪರೀಕ್ಷೆ. ತೊಂದರೆ ಕೊಡುತ್ತಿರುವ ಹೊತ್ತಿನಲ್ಲೇ ಮಾಡಬೇಕು, ಸರಿಹೋದ ಮೇಲೆ ಮಾಡಿದರೆ ಏನೂ ಸಿಗುವುದಿಲ್ಲ. ಪ್ರಿಂಟರಿನ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ಕಮಾಂಡ್ ಪ್ರಾಂಪ್ಟನ್ನು ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆಯಿರಿ. ಮೊದಲು ಹಳೆಯ ನಮೂದು ಅಳಿಸಬೇಕು: ಎ, ಆರ್, ಪಿ ಅಕ್ಷರಗಳು ಕೂಡಿಸಿ, ಒಂದು ಸ್ಪೇಸ್, ಅಡ್ಡಗೆರೆ ಹಚ್ಚಿ ಡಿ, ಮತ್ತೆ ಸ್ಪೇಸ್, 192.168.1.50. ಎಂಟರ್ ಒತ್ತಿ. ಆಮೇಲೆ ಪಿಂಗ್, ಸ್ಪೇಸ್, 192.168.1.50. ಪ್ರಿಂಟರು ತಂತಿಯಲ್ಲೇ ಇಲ್ಲ ಎಂದ ಮೇಲೆ ಉತ್ತರ ಬರಬಾರದು. ಬಂದರೆ, 50ರಲ್ಲಿ ಇನ್ನೊಬ್ಬರು ಇದ್ದಾರೆ ಎಂದೇ ಅರ್ಥ.

ಇಲ್ಲಿ ಒಂದು ಕಡೆ ಕಣ್ಣಿಟ್ಟು ನೋಡಿ. ಯಾರೂ ಇಲ್ಲದಿದ್ದಾಗಲೂ ವಿಂಡೋಸ್ ‘ರಿಪ್ಲೈ ಫ್ರಮ್’ ಎಂದು ಒಂದು ಸಾಲು ತೋರಿಸುವುದುಂಟು. ಅದರ ಪಕ್ಕದಲ್ಲಿರುವುದು 50 ಅಲ್ಲ, ನಿಮ್ಮ ಕಂಪ್ಯೂಟರಿನದೇ ವಿಳಾಸ, ಕೊನೆಯಲ್ಲಿ ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂದಿರುತ್ತದೆ. ಅದು ಉತ್ತರವಲ್ಲ, ಯಾರೂ ಸಿಗಲಿಲ್ಲ ಎಂಬ ವರದಿ. ನಿಜವಾದ ಉತ್ತರದಲ್ಲಿ 50 ಎಂಬ ವಿಳಾಸ ಇರುತ್ತದೆ, ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂಬುದೂ ಇರುತ್ತದೆ.

ಉತ್ತರ ಬಾರದಿದ್ದರೂ ಅಷ್ಟಕ್ಕೇ ಬಿಡಬೇಡಿ. ಪಿಂಗ್‌ಗೆ ಉತ್ತರ ಕೊಡದ ಸಾಧನಗಳು ಬಹಳ, ವಿಂಡೋಸ್ ಫೈರ್‌ವಾಲ್ ಕೂಡ ಎಷ್ಟೋ ಕಡೆ ಅದನ್ನು ತಡೆಯುತ್ತದೆ. ಆದರೆ ಎಆರ್‌ಪಿ ಕೂಗಿಗೆ ಓಗೊಡದೆ ಯಾವ ಸಾಧನಕ್ಕೂ ನೆಟ್‌ವರ್ಕಿನಲ್ಲಿ ಬದುಕಿಲ್ಲ. ಆದ್ದರಿಂದ ಪಿಂಗ್ ಮುಗಿದ ಕೂಡಲೇ ಎ, ಆರ್, ಪಿ, ಸ್ಪೇಸ್, ಅಡ್ಡಗೆರೆ ಹಚ್ಚಿ ಎ ಎಂದು ಹೊಡೆಯಿರಿ. ಪಟ್ಟಿ ಬರುತ್ತದೆ. ಅದರಲ್ಲಿ 50ರ ಎದುರು ಆರು ಜೋಡಿ ಅಂಕಿ ಅಕ್ಷರಗಳಿದ್ದರೆ, ಅದೇ ಆ ಇನ್ನೊಬ್ಬರ ಮ್ಯಾಕ್. ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಪ್ರಿಂಟರಿನ ಮ್ಯಾಕ್ ಅದರ ಹಿಂಬದಿಯ ಲೇಬಲ್ಲಿನ ಮೇಲೋ ಕಾನ್ಫಿಗರೇಶನ್ ಪುಟದಲ್ಲೋ ಸಿಗುತ್ತದೆ. ಎರಡನ್ನೂ ಹೋಲಿಸಿ ನೋಡಿ.

ಸಿಕ್ಕಿದ ಮ್ಯಾಕ್ ಯಾರದು ಎಂದು ಪತ್ತೆ ಮಾಡುವುದು ನನಗೆ ಯಾವತ್ತೂ ಇಷ್ಟದ ಕೆಲಸ. ಮೊದಲ ಮೂರು ಜೋಡಿಗಳು ತಯಾರಕರ ಗುರುತು. ಐ ಟ್ರಿಪಲ್ ಇ ಸಂಸ್ಥೆ ಅದನ್ನು ಕಂಪನಿಗಳಿಗೆ ಹಂಚುತ್ತದೆ, ಅಂತರ್ಜಾಲದಲ್ಲಿ ಹುಡುಕಿದರೆ ಹೆಸರು ಸಿಗುತ್ತದೆ. ಆದರೆ ಮೊದಲ ಜೋಡಿಯ ಎರಡನೆಯ ಸ್ಥಾನದಲ್ಲಿ 2, 6, ಎ ಅಥವಾ ಇ ಇದ್ದರೆ ಆ ಮ್ಯಾಕ್ ಕಾರ್ಖಾನೆಯದ್ದಲ್ಲ, ಸಾಧನ ತಾನೇ ಮಾಡಿಕೊಂಡದ್ದು. ಹೆಚ್ಚಿನ ಪಕ್ಷ ಅದು ಫೋನು. ಜಾಡು ಹಿಡಿಯಬಾರದೆಂದು ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನುಗಳು ವೈಫೈಗೆ ಇಂಥ ಮ್ಯಾಕ್ ಬಳಸುತ್ತವೆ. ಅಲ್ಲಿಗೆ ಹುಡುಕಾಟ ಅರ್ಧಕ್ಕರ್ಧ ಮುಗಿಯಿತು.

ಮುಂದಿನ ಹೆಜ್ಜೆ ರೂಟರಿನ ಪುಟ ತೆರೆದು ಡಿಎಚ್‌ಸಿಪಿ ಕ್ಲೈಂಟ್ ಪಟ್ಟಿ ನೋಡುವುದು. ಆ ಮ್ಯಾಕ್ ಅಲ್ಲಿದ್ದರೆ ವಿಳಾಸ ಕೊಟ್ಟದ್ದು ರೂಟರೇ. ಇಲ್ಲದಿದ್ದರೆ ಯಾರೋ ಕೈಯಿಂದ ಬರೆದು ಕೂರಿಸಿದ್ದಾರೆ, ಅಥವಾ ಅಂಗಡಿಯೊಳಗೆ ನಿಮಗೆ ಗೊತ್ತಿಲ್ಲದ ಇನ್ನೊಂದು ರೂಟರ್ ಹಂಚುತ್ತಿದೆ. ತಂತಿಯಲ್ಲಿರುವ ಸಾಧನವಾದರೆ ಹಳೆಯ ಉಪಾಯವೇ ಸಾಕು: ಪಿಂಗ್ ಆದೇಶದ ಕೊನೆಗೆ ಅಡ್ಡಗೆರೆ ಟಿ ಸೇರಿಸಿದರೆ ಅದು ನಿಲ್ಲದೆ ಓಡುತ್ತದೆ, ಸ್ವಿಚ್ಚಿನ ಕೇಬಲ್‌ಗಳನ್ನು ಒಂದೊಂದಾಗಿ ಕಿತ್ತು ಹಾಕುತ್ತಾ ಬನ್ನಿ. ಯಾವುದನ್ನು ಕಿತ್ತಾಗ ಉತ್ತರ ನಿಂತಿತೋ ಅದರ ಇನ್ನೊಂದು ತುದಿಗೆ ನಡೆದುಹೋಗಿ.

ಸರಿಪಡಿಸುವಾಗ ಅನುಕ್ರಮ ಮುಖ್ಯ. ಎಲ್ಲರೂ ಮೊದಲು ಮಾಡುವುದು ಎಲ್ಲವನ್ನೂ ಆರಿಸಿ ಹಚ್ಚುವುದು. ಅದರಿಂದ ಆ ಹೊತ್ತಿಗೆ ಸರಿಹೋಗುತ್ತದೆ, ನಾನು ಅಲ್ಲಗಳೆಯುವುದಿಲ್ಲ. ಗಿರಾಕಿ ಎದುರಿಗಿದ್ದರೆ ನಾನೂ ಅದನ್ನೇ ಮಾಡಿ ಎನ್ನುತ್ತೇನೆ. ಆದರೆ ರೂಟರಿನ ಹಂಚಿಕೆ 2ರಿಂದ 254 ಎಂದೇ ಇರುವ ತನಕ ಇದು ಮರಳಿ ಬಂದೇ ಬರುತ್ತದೆ, ಸಿಕ್ಕಿಬೀಳುವ ಸಾಧನ ಮಾತ್ರ ಬೇರೆಯಾಗಿರುತ್ತದೆ. ಆದ್ದರಿಂದ ಮೊದಲು ರೂಟರ್. ಡಿಎಚ್‌ಸಿಪಿ ಎಂಬ ಪುಟದಲ್ಲಿ ಹಂಚಿಕೆಯ ಆರಂಭವನ್ನು 192.168.1.100, ಕೊನೆಯನ್ನು 192.168.1.199 ಮಾಡಿ ಉಳಿಸಿ. ನೂರು ವಿಳಾಸ ನಿಮ್ಮ ಅಂಗಡಿಗೂ ಮೇಲಿನ ಮನೆಗೂ ಧಾರಾಳ. 100ರ ಕೆಳಗಿನದೆಲ್ಲ ಇನ್ನು ಕೈಯಿಂದ ಬರೆದು ಕೂರಿಸುವ ಸಾಧನಗಳ ಪಾಲು. ರೂಟರಿನ ಪಾಸ್‌ವರ್ಡ್ ಇಂಟರ್‌ನೆಟ್ ಹಾಕಿಕೊಟ್ಟವರ ಹತ್ತಿರವೇ ಇದೆ ಎಂದಿದ್ದೀರಿ. ಕೇಳಿ ತೆಗೆದುಕೊಳ್ಳಿ. ಕೊಡಲು ಒಪ್ಪದಿದ್ದರೆ ಈ ಎರಡು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟು ಅವರಿಂದಲೇ ಹಾಕಿಸಿ, ಹಾಕಿದ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.

ಅದಾದ ಮೇಲೆ 50 ಹಿಡಿದಿರುವ ಫೋನಿನ ಸರದಿ. ಅದರ ವೈಫೈ ಆರಿಸಿ ಹಚ್ಚಿದರೆ ಹೊಸ ವ್ಯಾಪ್ತಿಯಿಂದ ಹೊಸ ವಿಳಾಸ ಕೇಳಿ ಪಡೆಯುತ್ತದೆ. ಹಟ ಹಿಡಿದರೆ ಆ ವೈಫೈ ಹೆಸರನ್ನು ‘ಫರ್ಗೆಟ್’ ಮಾಡಿ ಮತ್ತೆ ಸೇರಿಸಿ. ಕಂಪ್ಯೂಟರಾದರೆ ಐಪಿಕಾನ್ಫಿಗ್, ಸ್ಪೇಸ್, ಸ್ಲಾಶ್ ಹಚ್ಚಿ ರಿಲೀಸ್. ಆಮೇಲೆ ಅದೇ ರೀತಿ ಸ್ಲಾಶ್ ರಿನ್ಯೂ. ಕೊನೆಗೆ ಪ್ರಿಂಟರಿನ ಕೇಬಲ್ ಹಾಕಿ. ಪ್ರತಿ ಕಂಪ್ಯೂಟರಿನಲ್ಲೂ ಎಆರ್‌ಪಿ ನಮೂದನ್ನು ಮೇಲೆ ಹೇಳಿದ ಹಾಗೆ ಅಳಿಸಿ, ಒಂದೊಂದರಿಂದಲೂ ಒಂದು ಪುಟ ಪ್ರಿಂಟ್ ಕೊಟ್ಟು ನೋಡಿ.

ಪ್ರಿಂಟರಿನ ವಿಳಾಸವನ್ನೇ ಬದಲಿಸಿಬಿಟ್ಟರೆ ಸುಲಭವಲ್ಲವೇ ಎಂದು ಕೇಳಿದ್ದೀರಿ. ಬೇಡ ಎಂದು ನನ್ನ ಸಲಹೆ. ನಿಮ್ಮ ಪ್ರತಿ ಕಂಪ್ಯೂಟರಿನ ಪ್ರಿಂಟರ್ ಪೋರ್ಟ್ ಎಂಬಲ್ಲಿ 192.168.1.50 ಎಂದು ಬರೆದಿದೆ. ಪ್ರಿಂಟರ್ 51ಕ್ಕೆ ಹೋದರೂ ಅವು 50ಕ್ಕೇ ಕಳಿಸುತ್ತಿರುತ್ತವೆ, ಕೆಲಸಗಳು ಸಾಲಿನಲ್ಲಿ ತುಂಬಿಕೊಳ್ಳುತ್ತವೆ. ಬದಲಿಸಲೇಬೇಕಾಗಿ ಬಂದರೆ ಪ್ರಿಂಟರ್ ಪ್ರಾಪರ್ಟೀಸಿನ ‘ಪೋರ್ಟ್ಸ್’ ಪುಟದಲ್ಲಿ ಹೊಸ ವಿಳಾಸ ಹಾಕುವುದನ್ನು ಯಾವ ಕಂಪ್ಯೂಟರಿನಲ್ಲೂ ಮರೆಯುವ ಹಾಗಿಲ್ಲ.

ಇದಕ್ಕಿಂತ ಚೆನ್ನಾದ ಇನ್ನೊಂದು ದಾರಿಯಿದೆ, ಬಿಡುವಾದಾಗ ಮಾಡಿ. ಹೆಚ್ಚಿನ ರೂಟರುಗಳಲ್ಲಿ ‘ಅಡ್ರೆಸ್ ರಿಸರ್ವೇಶನ್’ ಎಂಬ ಪುಟ ಇರುತ್ತದೆ. ಈ ಮ್ಯಾಕ್‌ನವರು ಬಂದರೆ ಈ ವಿಳಾಸವನ್ನೇ ಕೊಡು, ಬೇರೆ ಯಾರಿಗೂ ಕೊಡಬೇಡ ಎಂದು ಅಲ್ಲಿ ಬರೆದಿಟ್ಟು, ಪ್ರಿಂಟರನ್ನು ‘ಆಟೊ’ಗೆ ಬಿಟ್ಟುಬಿಡುವುದು. ಆಗ ವಿಳಾಸ ಬದಲಾಗುವುದೂ ಇಲ್ಲ, ರೂಟರಿಗೆ ಗೊತ್ತಿಲ್ಲದೆ ಏನೂ ನಡೆಯುವುದೂ ಇಲ್ಲ. ವಿಳಾಸ ಕೊಡುವ ಅಧಿಕಾರ ಒಂದೇ ಕೈಯಲ್ಲಿ ಇರಬೇಕು ಎಂಬುದನ್ನು ನಾನು ಇಷ್ಟು ಒತ್ತಿ ಹೇಳುವುದು ಸುಮ್ಮನೆ ಅಲ್ಲ. ನಾಳೆ ನಿಮ್ಮ ಅಂಗಡಿಗೆ ಬಯೋಮೆಟ್ರಿಕ್ ಯಂತ್ರ ಬರುತ್ತದೆ, ಸ್ಮಾರ್ಟ್ ಟಿವಿ ಬರುತ್ತದೆ, ಪ್ರತಿಯೊಬ್ಬರೂ ಬಂದು ತಮಗೆ ತೋಚಿದ ವಿಳಾಸ ಹಾಕಿ ಹೋದರೆ ಯಾರ ತಲೆಯಲ್ಲೂ ಪೂರ್ತಿ ಚಿತ್ರ ಇರುವುದಿಲ್ಲ. ಹಳೆಯ ಪ್ರಿಂಟರುಗಳಲ್ಲಿ ಆಟೊಗೆ ಬಿಡುವ ಅವಕಾಶ ಇಲ್ಲದಿದ್ದರೆ ಕೈಯಿಂದಲೇ ಇರಲಿ, ಆದರೆ 100ರ ಕೆಳಗೆ.

ಕ್ಯಾಮೆರಾ ಹಾಕಿಸುವ ಯೋಚನೆ ಇದೆ ಎಂದಿದ್ದೀರಲ್ಲ, ಅದಕ್ಕೊಂದು ಮಾತು. ನೆಟ್‌ವರ್ಕ್ ಕ್ಯಾಮೆರಾಗಳು ಕಾರ್ಖಾನೆಯಿಂದಲೇ ಒಂದು ವಿಳಾಸ ಹೊತ್ತು ಬರುವುದುಂಟು. ಹಿಕ್‌ವಿಷನ್‌ನವು ಸಾಮಾನ್ಯವಾಗಿ 192.168.1.64, ದಹುವಾದವು 192.168.1.108. ಒಂದೇ ಕಂಪನಿಯ ನಾಲ್ಕು ಕ್ಯಾಮೆರಾಗಳನ್ನು ಪೊಟ್ಟಣ ಬಿಚ್ಚಿ ಒಟ್ಟಿಗೆ ಸ್ವಿಚ್ಚಿಗೆ ಹಚ್ಚಿದರೆ ನಾಲ್ಕಕ್ಕೂ ಒಂದೇ ವಿಳಾಸ. ಒಂದನ್ನು ಹಚ್ಚಿ, ವಿಳಾಸ ಬದಲಿಸಿ, ಆಮೇಲೆ ಇನ್ನೊಂದನ್ನು ಹಚ್ಚಬೇಕು. 108 ಎಂಬುದು ನಿಮ್ಮ ಹೊಸ ಹಂಚಿಕೆಯ ವ್ಯಾಪ್ತಿಯೊಳಗೇ ಬರುತ್ತದೆ ಎಂಬುದೂ ನೆನಪಿರಲಿ.

ಇನ್ನು ಕರೆಂಟಿನ ವಿಚಾರ. ಕಂಪ್ಯೂಟರುಗಳು ಮತ್ತು ಸ್ವಿಚ್ಚು ಯುಪಿಎಸ್ ಮೇಲಿವೆ, ರೂಟರ್ ಮಾತ್ರ ಗೋಡೆಯ ಪ್ಲಗ್‌ನಲ್ಲಿ ಎಂದು ನೀವು ಸುಮ್ಮನೆ ಮಾತಿಗೆ ಬರೆದಂತೆ ಬರೆದಿದ್ದೀರಿ. ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವ ಸಾಲು ಅದೇ ಅನ್ನಿಸಿತು. ಸಣ್ಣ ರೂಟರುಗಳು ಯಾರಿಗೆ ಯಾವ ವಿಳಾಸ ಕೊಟ್ಟೆವೆಂಬ ಪಟ್ಟಿಯನ್ನು ತಾತ್ಕಾಲಿಕ ನೆನಪಿನಲ್ಲಷ್ಟೇ ಇಟ್ಟುಕೊಳ್ಳುವುದು ಸಾಮಾನ್ಯ. ಕರೆಂಟ್ ಹೋದರೆ ಪಟ್ಟಿಯೂ ಹೋಯಿತು. ಇತ್ತ ಕಂಪ್ಯೂಟರುಗಳಿಗೆ ಕರೆಂಟ್ ಹೋದದ್ದು ಗೊತ್ತೇ ಆಗುವುದಿಲ್ಲ. ಅವುಗಳ ತಂತಿ ಸ್ವಿಚ್ಚಿಗೆ ಸೇರಿದೆ, ಸ್ವಿಚ್ಚು ಜೀವಂತ ಇದೆ. ಹಳೆಯ ವಿಳಾಸ ಹಿಡಿದು ಕೆಲಸ ಮಾಡುತ್ತಲೇ ಇರುತ್ತವೆ. ಕೊಟ್ಟ ಅವಧಿಯ ಅರ್ಧ ಕಳೆದ ಮೇಲಷ್ಟೇ ಅವು ರೂಟರನ್ನು ಮತ್ತೆ ಮಾತಾಡಿಸುವುದು. ಅವಧಿ 24 ಗಂಟೆಯಾದರೆ 12 ಗಂಟೆಗಳ ಕಾಲ ಮೌನ. ಈ ನಡುವೆ ಮರಳಿ ಎದ್ದ ರೂಟರಿಗೆ ಎಲ್ಲ ವಿಳಾಸವೂ ಖಾಲಿ ಕಾಣುತ್ತದೆ. ಕೊಡುವ ಮುಂಚೆ ಒಮ್ಮೆ ಪಿಂಗ್ ಮಾಡಿ ನೋಡಿದರೆ ಒಳ್ಳೆಯದು ಎಂದು 1997ರ ಡಿಎಚ್‌ಸಿಪಿ ನಿಯಮಾವಳಿ, ಆರ್‌ಎಫ್‌ಸಿ 2131, ಹೇಳುತ್ತದೆ. ಆದರೆ ಪರೀಕ್ಷಿಸದ ರೂಟರುಗಳಿವೆ, ಪರೀಕ್ಷಿಸಿದರೂ ಫೈರ್‌ವಾಲ್ ಹಿಂದಿನ ಕಂಪ್ಯೂಟರ್ ಉತ್ತರ ಕೊಡದೇ ಇರಬಹುದು. ಹೀಗೆ ನಿಮ್ಮ ಕಂಪ್ಯೂಟರಿನ ವಿಳಾಸವೇ ಇನ್ನೊಬ್ಬರ ಪಾಲಾಗುತ್ತದೆ. ಪರದೆಯಲ್ಲಿ ಬಂದು ಹೋದ ಸಂದೇಶ ಇದರದ್ದು ಎಂದು ನನ್ನ ಎಣಿಕೆ. ರೂಟರಿನ ಅಡಾಪ್ಟರನ್ನು ಕಿತ್ತು ಯುಪಿಎಸ್‌ಗೆ ಹಚ್ಚಿ. ರೂಟರ್ ತಿನ್ನುವ ವಿದ್ಯುತ್ ತೀರಾ ಕಡಿಮೆ, ಯುಪಿಎಸ್‌ಗೆ ಅದೇನೂ ಭಾರವಲ್ಲ.

ಸಾಧನಗಳಿಗೆ ತಮ್ಮ ತಮ್ಮೊಳಗೆ ಈ ಜಗಳವನ್ನು ಬಗೆಹರಿಸಿಕೊಳ್ಳಲು ಬರುವುದಿಲ್ಲವೇ ಎಂದು ನೀವು ಕೇಳಬಹುದು. ಅದಕ್ಕೂ ಒಂದು ಮರ್ಯಾದೆಯ ಕ್ರಮವನ್ನು ಕಟ್ಟಿದ್ದಾರೆ, ನನಗೆ ಅದು ಬಹಳ ಮೆಚ್ಚುಗೆ. ಆಪಲ್‌ನ ಸ್ಟುವರ್ಟ್ ಚೆಷೈರ್ 2008ರ ಜುಲೈನಲ್ಲಿ ಬರೆದ ಆರ್‌ಎಫ್‌ಸಿ 5227ರ ಪ್ರಕಾರ, ಸಾಧನ ಒಂದು ವಿಳಾಸಕ್ಕೆ ಬರುವ ಮುಂಚೆ ಮೂರು ಸಲ ವಿಚಾರಿಸಬೇಕು: ಇಲ್ಲಿ ಯಾರಾದರೂ ಇದ್ದೀರಾ? ಕೇಳುವಾಗ ತನ್ನ ವಿಳಾಸ ಎಂಬ ಜಾಗದಲ್ಲಿ ಬರೀ ಸೊನ್ನೆಗಳನ್ನು ಹಾಕಬೇಕು. ಯಾಕೆಂದರೆ ಬೇಕಾದ ವಿಳಾಸವನ್ನು ಆಗಲೇ ತನ್ನದೆಂದು ಬರೆದು ಕೇಳಿದರೆ, ಕೇಳಿಸಿಕೊಂಡವರ ಪಟ್ಟಿಗಳು ಆ ಪ್ರಶ್ನೆಯಿಂದಲೇ ಕೆಟ್ಟುಹೋಗುತ್ತವೆ. ಕೇಳುವ ಮಾತಿನಿಂದ ಇದ್ದವರಿಗೆ ತೊಂದರೆಯಾಗಬಾರದೆಂಬ ಎಚ್ಚರ ಎಷ್ಟು ಚೆನ್ನಾಗಿದೆ ನೋಡಿ. ಯಾರೂ ಇಲ್ಲವೆಂದಾದರೆ ಎರಡು ಸಲ ಸಾರಿ ಹೇಳಿ ಕೂರುವುದು. ಆಮೇಲೆ ಇನ್ನೊಬ್ಬರು ಅದೇ ವಿಳಾಸ ತಮ್ಮದೆಂದರೆ ಒಂದು ಸಲ ಪ್ರತಿಭಟಿಸಬಹುದು. 10 ಸೆಕೆಂಡಿನೊಳಗೆ ಮತ್ತೆ ತಕರಾರು ಬಂದರೆ ಸಾಮಾನ್ಯ ಸಾಧನ ವಿಳಾಸ ಬಿಟ್ಟುಕೊಡಬೇಕು. ಆದರೆ ವಿಚಾರಣೆ ನಡೆಯುವುದು ಬರುವ ಹೊತ್ತಿನಲ್ಲಿ. ಆಗ ಆರಿಸಿಟ್ಟಿದ್ದ ಪ್ರಿಂಟರ್ ಉತ್ತರ ಕೊಡಲಾರದು. ಇನ್ನು ಈ ಕ್ರಮವನ್ನು ಪಾಲಿಸದ ಹಳೆಯ ಪ್ರಿಂಟರುಗಳು, ಕ್ಯಾಮೆರಾ ರೆಕಾರ್ಡ್ ಮಾಡುವ ಡಿವಿಆರ್‌ಗಳು ಎಷ್ಟೋ ಇವೆ.

ದೊಡ್ಡ ಹೆಸರಿನ ಸಾಧನಗಳೂ ಎಡವಿದ್ದುಂಟು. 2010ರ ಏಪ್ರಿಲಿನಲ್ಲಿ ಐಪ್ಯಾಡ್ ಮಾರುಕಟ್ಟೆಗೆ ಬಂದ ಹೊಸತರಲ್ಲಿ, ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನೆಟ್‌ವರ್ಕ್ ನೋಡಿಕೊಳ್ಳುವವರು ಒಂದು ಸಂಗತಿ ಗಮನಿಸಿದರು. ಕೆಲವು ಐಪ್ಯಾಡುಗಳು ಕೊಟ್ಟ ಅವಧಿ ಮುಗಿದರೂ ವಿಳಾಸ ನವೀಕರಿಸದೆ ಅದನ್ನೇ ಬಳಸುತ್ತಿದ್ದವು. ಅವಧಿ ಮುಗಿಯಿತೆಂದು ಸರ್ವರ್ ಆ ವಿಳಾಸವನ್ನು ಇನ್ನೊಬ್ಬರಿಗೆ ಕೊಟ್ಟಾಗ ಇಬ್ಬರಿಗೂ ತೊಂದರೆ. ಅವರು ಆ ಸಾಧನಗಳನ್ನು ಗುರುತಿಸಿ ತಡೆದರು, ವಿವರಗಳನ್ನು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿದರು. ಸುಮ್ಮನೆ ರೀಸ್ಟಾರ್ಟ್ ಮಾಡಿಸಿ ಕಳಿಸಿದ್ದರೆ ಮೂಲ ದೋಷ ಬೆಳಕಿಗೆ ಬರುತ್ತಲೇ ಇರಲಿಲ್ಲ. ಆ ತಾಳ್ಮೆಯ ಮೇಲೆ ನನಗೆ ಗೌರವ.

ವೈಫೈ ಮೇಲಿನ ಮನೆಗೆ ಚೆನ್ನಾಗಿ ಸಿಗಲೆಂದು ಹಳೆಯ ರೂಟರನ್ನು ಹಚ್ಚುವ ಯೋಚನೆ ಇದ್ದರೆ ಈ ಒಂದು ಎಚ್ಚರಿಕೆ ಬೇಕು. ಅದರ ವಿಳಾಸವೂ 192.168.1.1 ಇದ್ದರೆ, ಹಾಗೇ ಹಚ್ಚಿದ ಕ್ಷಣ ಇಡೀ ಅಂಗಡಿಯ ಇಂಟರ್‌ನೆಟ್ ಕುಸಿಯಬಹುದು. ಎಲ್ಲರೂ ಹೊರದಾರಿ ಎಂದು ನಂಬಿರುವ ವಿಳಾಸಕ್ಕೇ ಇಬ್ಬರು ನಿಂತಂತೆ. ಮೊದಲು ಅದನ್ನು ಒಂಟಿಯಾಗಿ ಲ್ಯಾಪ್‌ಟಾಪಿಗೆ ಹಚ್ಚಿ, ವಿಳಾಸವನ್ನು 192.168.1.2 ಮಾಡಿ, ಅದರ ಡಿಎಚ್‌ಸಿಪಿ ಆರಿಸಿ, ಆಮೇಲೆ ಲ್ಯಾನ್ ಕಿಂಡಿಯಿಂದ ಲ್ಯಾನ್ ಕಿಂಡಿಗೆ ಕೇಬಲ್ ಕೊಡಿ. ಯಾವುದೇ ಹೊಸ ರೂಟರ್ ತಾರದೆಯೂ ಎಆರ್‌ಪಿ ಪಟ್ಟಿಯಲ್ಲಿ 192.168.1.1ರ ಎದುರಿನ ಮ್ಯಾಕ್ ಪದೇ ಪದೇ ಬದಲಾಗುತ್ತಿದ್ದರೆ ಮಾತ್ರ ಅದನ್ನು ಬರೀ ಗೊಂದಲ ಎಂದು ಬಿಡಬೇಡಿ. ಬೇರೆಯವರ ಮಾಹಿತಿ ಕದಿಯಲು ಹೀಗೆ ಸುಳ್ಳು ಉತ್ತರ ಕೊಡುವ ತಂತ್ರವಿದೆ. ಆಗ ವೈಫೈ ಪಾಸ್‌ವರ್ಡ್ ಕೂಡಲೇ ಬದಲಿಸಿ ನನಗೆ ಫೋನ್ ಮಾಡಿ.

ನಡುವೆ ಎಲ್ಲಾದರೂ 169.254ರಿಂದ ಶುರುವಾಗುವ ವಿಳಾಸ ಕಂಡರೆ ಗಾಬರಿಯಾಗಬೇಡಿ. ಬೇರೆ ವಿಳಾಸ ದಕ್ಕದಿದ್ದಾಗ ಸಾಧನ ತಾನೇ ಹಾಕಿಕೊಳ್ಳುವ ಸಂಖ್ಯೆ ಅದು. ರೂಟರಿನಿಂದ ಉತ್ತರ ಬಾರದಿದ್ದರೂ ಬರುತ್ತದೆ; ಕೈಯಿಂದ ಹಾಕಿದ ವಿಳಾಸದಲ್ಲಿ ಇನ್ನೊಬ್ಬರು ಇದ್ದಾರೆಂದು ವಿಂಡೋಸ್‌ಗೆ ತಿಳಿದಾಗಲೂ ಬರಬಹುದು. ಐಪಿಕಾನ್ಫಿಗ್ ಸ್ಲಾಶ್ ಆಲ್ ಎಂದು ನೋಡಿದರೆ ಜಗಳದಲ್ಲಿರುವ ಆ ಕೈಯಿಂದ ಹಾಕಿದ ವಿಳಾಸದ ಪಕ್ಕ ‘ಡೂಪ್ಲಿಕೇಟ್’ ಎಂದು ಬರೆದಿರುತ್ತದೆ.

ಎಲ್ಲ ಮುಗಿದ ಮೇಲೆ ಒಂದು ಹಾಳೆಯಲ್ಲಿ ಸಾಧನದ ಹೆಸರು, ವಿಳಾಸ, ಮ್ಯಾಕ್, ಹಾಕಿದ ತಾರೀಕು ಬರೆದು ರೂಟರ್ ಪೆಟ್ಟಿಗೆಯ ಪಕ್ಕ ಅಂಟಿಸಿ. ಇನ್ನು ಮುಂದೆ ಯಾರೇ ಬಂದು ಏನೇ ಹಚ್ಚಲಿ, ಮೊದಲು ಆ ಹಾಳೆಯಲ್ಲಿ ಒಂದು ಸಾಲು ಬರೆಸಿ, ಆಮೇಲೆ ಹಚ್ಚಲು ಬಿಡಿ.

ನನ್ನ ಊಹೆ ಪೂರ್ತಿ ತಪ್ಪಾಗಿರಲೂಬಹುದು, ಅದನ್ನು ಪರೀಕ್ಷಿಸುವ ದಾರಿಯನ್ನೂ ಹೇಳಿಬಿಡುತ್ತೇನೆ. ಭಾನುವಾರ ಪ್ರಿಂಟರನ್ನು ಒಂದೇ ಕಂಪ್ಯೂಟರಿಗೆ ನೇರ ಕೇಬಲ್‌ನಿಂದ ಹಚ್ಚಿ. ನಡುವೆ ಸ್ವಿಚ್ಚೂ ಬೇಡ, ರೂಟರೂ ಬೇಡ. ಕಂಪ್ಯೂಟರಿನ ವೈಫೈ ಆರಿಸಿ, ಅದರ ತಂತಿಯ ಕಿಂಡಿಗೆ ಕೈಯಿಂದ 192.168.1.10 ಹಾಕಿ, ಪ್ರಿಂಟರ್ ಇದ್ದಂತೆ 50ರಲ್ಲೇ ಇರಲಿ. ಲಗ್ನಪತ್ರಿಕೆಯ ಚಿತ್ರಗಳಿರುವ ಭಾರದ ಕಡತವೊಂದನ್ನು ಹತ್ತಿಪ್ಪತ್ತು ಪುಟ ಕೊಟ್ಟು ನೋಡಿ. ಅಲ್ಲಿ ಇಬ್ಬರೇ ಇರುವುದರಿಂದ ವಿಳಾಸದ ಜಗಳಕ್ಕೆ ಎಡೆಯಿಲ್ಲ. ಆಗಲೂ ನಡುವೆ ನಿಂತರೆ ಮೊದಲು ಕೇಬಲ್ ಬದಲಿಸಿ, ಆಮೇಲೂ ನಿಂತರೆ ಸರ್ವಿಸ್‌ನವರು ಹೇಳಿದಂತೆ ಬೋರ್ಡು ಬದಲಿಸಿ. ಸರಾಗವಾಗಿ ಬಂದರೆ ಕಂಪ್ಯೂಟರಿನ ವಿಳಾಸವನ್ನು ಮರೆಯದೆ ಮತ್ತೆ ‘ಆಟೊಮ್ಯಾಟಿಕ್’ಗೆ ತಂದು, ರೂಟರಿನ ಪುಟದಿಂದ ಕೆಲಸ ಶುರು ಮಾಡಿ. 50ರ ಎದುರು ಸಿಕ್ಕಿದ ಮ್ಯಾಕ್ ಯಾವುದೆಂದು ನನಗೆ ಬರೆಯಿರಿ, ಯಾರದೆಂದು ಸೇರಿ ಹುಡುಕೋಣ.



ಇಂತಿ ನಿಮ್ಮ ವಿಶ್ವಾಸಿ